ಲಾಗ್ ಎಕ್ಸ್‌ಗೆ ಒನ್ ಬೈ ಎಕ್ಸ್: ಒಂದು ಸೂತ್ರ, ಹಲವು ದಾರಿ

ದ್ವಿತೀಯ ಪಿಯುಸಿಯ ಅವಕಲನ ಸೂತ್ರಗಳನ್ನು ಉರು ಹೊಡೆದವರಿಗೆಲ್ಲ ಆ ಸಾಲು ನೆನಪಿರುತ್ತದೆ: ಲಾಗ್ ಎಕ್ಸ್‌ನ ಡೆರಿವೇಟಿವ್ ಒನ್ ಬೈ ಎಕ್ಸ್. ಇಡೀ ಪಟ್ಟಿಯಲ್ಲಿ ಇದರಷ್ಟು ಬೇಗ ಬಾಯಿಗೆ ಬರುವ ಸೂತ್ರ ಇಲ್ಲ, ಇದರಷ್ಟು ವಿಚಿತ್ರವಾದದ್ದೂ ಇಲ್ಲ. ಸೈನ್‌ಗೆ ಕಾಸ್ ಬರುತ್ತದೆ, ಎಕ್ಸ್³ಕ್ಕೆ 3ಎಕ್ಸ್² ಬರುತ್ತದೆ. ಕೇಳಿದ್ದೂ ಬಂದದ್ದೂ ಒಂದೇ ಕುಟುಂಬದವು. ಲಾಗ್ ಹಾಗಲ್ಲ. 2ರ ಲಾಗ್ ಎಷ್ಟು ಎಂದರೆ ಟೇಬಲ್ ತೆಗೆಯಬೇಕು, ಇಲ್ಲವೇ ಕ್ಯಾಲ್ಕ್ಯುಲೇಟರ್ ಒತ್ತಬೇಕು. ಅದೇ 2ರಲ್ಲಿ ಅದರ ಇಳಿಜಾರು ಎಷ್ಟು ಎಂದರೆ ಅರ್ಧ, ಅಷ್ಟೇ. ಕೈಗೆ ಸಿಗದ ಫಂಕ್ಷನ್ನಿಗೆ ಇಷ್ಟು ಸಲೀಸಾದ ಇಳಿಜಾರು ಎಲ್ಲಿಂದ ಬಂತು?

ಇನ್ನೊಂದು ಕಡೆಯಿಂದ ಬಂದರೂ ಎದುರಾಗುವುದು ಇದೇ ಪ್ರಶ್ನೆ. ಘಾತದ ನಿಯಮವನ್ನು ಸಾಲಾಗಿ ಬಳಸುತ್ತ ಹೋಗಿ. ಎಕ್ಸ್³ದಿಂದ ಎಕ್ಸ್² ಸಿಗುತ್ತದೆ, ಅದರಿಂದ ಎಕ್ಸ್, ಎಕ್ಸ್‌ನಿಂದ 1. ಅತ್ತ ಕಡೆ 1/ಎಕ್ಸ್‌ನಿಂದ 1/ಎಕ್ಸ್², ಅದರಿಂದ 1/ಎಕ್ಸ್³. ಮುಂದೆ ಅಂಟಿಕೊಳ್ಳುವ ಸ್ಥಿರಾಂಕ, ಚಿಹ್ನೆಗಳನ್ನು ಸದ್ಯಕ್ಕೆ ಬಿಡೋಣ. ಉತ್ತರಗಳ ಸಾಲಿನಲ್ಲಿ ಎಲ್ಲ ಪೂರ್ಣಾಂಕ ಘಾತಗಳೂ ಹಾಜರಿವೆ, 1/ಎಕ್ಸ್ ಒಂದು ಮಾತ್ರ ಗೈರು. ಅದು ಹುಟ್ಟಬೇಕಿದ್ದದ್ದು ಎಕ್ಸ್ ಪವರ್ 0ಯಿಂದ. ಆದರೆ ಎಕ್ಸ್ ಪವರ್ 0 ಎಂದರೆ ಬರೀ 1, ಅದರ ಇಳಿಜಾರು ಸೊನ್ನೆ. ಹಾಗೆ ಖಾಲಿ ಉಳಿದ ಜಾಗಕ್ಕೆ, ಘಾತಗಳ ಸಾಲಿಗೆ ಸೇರದ ಲಾಗ್ ಬಂದು ಕೂತಿದೆ.

ಹೀಗೇಕೆ ಎಂಬುದಕ್ಕೆ ನಾಲ್ಕು ಶತಮಾನಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಒಂದೊಂದು ಕಾಲದ ಪಠ್ಯಪುಸ್ತಕ ಒಂದೊಂದನ್ನು ಹಿಡಿದಿದೆ. ತರಗತಿಯಲ್ಲಿ ಮಾತ್ರ ಅನೇಕ ಸಲ ಉತ್ತರ ಯಾವುದೂ ಸಿಗದೆ ಸೂತ್ರವಷ್ಟೇ ಸಿಗುತ್ತದೆ. ಆ ದಾರಿಗಳನ್ನು ಒಂದೊಂದಾಗಿ ನೋಡುವುದು ಇಲ್ಲಿನ ಕೆಲಸ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ: ಒನ್ ಬೈ ಎಕ್ಸ್ ಎಂಬುದು ಕಲನಶಾಸ್ತ್ರ ತಂದುಕೊಟ್ಟ ಆಶ್ಚರ್ಯವಲ್ಲ. ಗುಣಾಕಾರವನ್ನು ಕೂಡಿಕೆಯಾಗಿಸುವುದು ಲಾಗ್‌ನ ಮೂಲ ಗುಣ ಎಂದು ಮೊದಲು ಹೇಳಿಕೊಟ್ಟ ದಿನವೇ ಅದು ಒಳಗೆ ಬಂದು ಕೂತಿರುತ್ತದೆ. ‘ಇ’ ಎಂಬ ಸಂಖ್ಯೆ, ಮಿತಿಗಳು, ವಿಲೋಮ ಫಂಕ್ಷನ್ ಎಲ್ಲ ಆಮೇಲಿನ ಮಾತು.

ಪುರಾವೆಗೆ ದೂರ ಹೋಗಬೇಕಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಳಸುವ ನಾಲ್ಕಂಕಿಯ ಲಾಗ್ ಟೇಬಲ್ ತೆಗೆಯಿರಿ. 2.00ರ ಲಾಗ್ 0.3010, 2.01ರದ್ದು 0.3032. ಕೊನೆಯ ಅಂಕಿಗಳ ಲೆಕ್ಕದಲ್ಲಿ ಏರಿಕೆ 22. ಈಗ 4.00ರಿಂದ 4.01ಕ್ಕೆ ಹೋಗಿ: 0.6021ರಿಂದ 0.6031, ಏರಿಕೆ 10. 8.00ರಿಂದ 8.01ಕ್ಕೆ 0.9031ರಿಂದ 0.9036, ಏರಿಕೆ 5. ನಾಲ್ಕನೇ ಅಂಕಿಗೆ ಮೊಟಕು ಮಾಡಿದ್ದರಿಂದ ಸ್ವಲ್ಪ ಆಚೀಚೆ ಆಗಿದೆ. ಮೊಟಕು ಮಾಡದಿದ್ದರೆ 21.7, 10.8, 5.4. ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಏರಿಕೆ ಅರ್ಧಕ್ಕಿಳಿಯುತ್ತಿದೆ. ಟೇಬಲ್‌ನ ಬಲಗಡೆ ‘ಮೀನ್ ಡಿಫರೆನ್ಸ್’ ಎಂದು ಒಂಬತ್ತು ಕಾಲಂ ಇರುತ್ತದಲ್ಲ, ಅದು ಬೇರೇನೂ ಅಲ್ಲ, ಇಳಿಜಾರಿನದೇ ಪಟ್ಟಿ. 20ರ ಸಾಲಿನಲ್ಲಿ ಅದು 2, 4, 6, 8 ಎಂದು ಶುರುವಾಗಿ 19ಕ್ಕೆ ಮುಗಿಯುತ್ತದೆ. 80ರ ಸಾಲಿನಲ್ಲಿ 1, 1, 2, 2 ಎಂದು ಶುರುವಾಗಿ 5ಕ್ಕೇ ನಿಲ್ಲುತ್ತದೆ. 10ರಿಂದ 19ರವರೆಗಿನ ಸಾಲುಗಳಿಗೆ ಮಾತ್ರ ವ್ಯತ್ಯಾಸಗಳನ್ನು ಎರಡೆರಡು ಸಾಲಾಗಿ ಅಚ್ಚು ಹಾಕಿರುವುದನ್ನು ಬಹಳ ಮಂದಿ ಗಮನಿಸಿರುತ್ತಾರೆ, ಕಾರಣ ಕೇಳಿರುವುದಿಲ್ಲ. ಅಲ್ಲಿ ಇಳಿಜಾರೇ ಬೇಗ ಬೇಗ ಬದಲಾಗುತ್ತದೆ, ಆದ್ದರಿಂದ ಇಡೀ ಸಾಲಿಗೆ ಒಂದೇ ಸರಾಸರಿ ಸಾಲದು. ಎರಡನೆಯ ಡೆರಿವೇಟಿವ್ ಕೂಡ ಆ ಪುಸ್ತಿಕೆಯಲ್ಲಿ ಅಚ್ಚಾಗಿದೆ ಎಂದಾಯಿತು.

ಕಾರಣ ಹೀಗೆ. 1ರಿಂದ 1.01ಕ್ಕೆ ಹೋದರೆ ಲಾಗ್ ಎಷ್ಟು ಏರುತ್ತದೋ, 5ರಿಂದ 5.05ಕ್ಕೆ ಹೋದರೂ ಅಷ್ಟೇ ಏರುತ್ತದೆ, ಏಕೆಂದರೆ ಎರಡೂ ಕಡೆ ಸಂಖ್ಯೆ 1.01ರಿಂದ ಗುಣಿತವಾಗಿದೆ, ಗುಣಾಕಾರಕ್ಕೆ ಲಾಗ್ ಕೊಡುವುದು ಕೂಡಿಕೆ. ಏರಿಕೆ ಒಂದೇ, ಆದರೆ 5ರಲ್ಲಿ ಅದಕ್ಕಾಗಿ ನಡೆದ ದೂರ ಐದು ಪಟ್ಟು. ಹಾಗಾಗಿ 5ರಲ್ಲಿನ ಇಳಿಜಾರು 1ರಲ್ಲಿನ ಇಳಿಜಾರಿನ ಐದನೇ ಒಂದು ಪಾಲು. 5ರ ಜಾಗದಲ್ಲಿ ಯಾವ ಧನ ಸಂಖ್ಯೆ ಇಟ್ಟರೂ ಮಾತು ಬದಲಾಗುವುದಿಲ್ಲ. ಎಕ್ಸ್‌ನಲ್ಲಿ ಇಳಿಜಾರು ಎಂದರೆ 1ರಲ್ಲಿನ ಇಳಿಜಾರನ್ನು ಎಕ್ಸ್‌ನಿಂದ ಭಾಗಿಸಿದ್ದು. ಇಷ್ಟಕ್ಕೆ ಬೇಕಾದದ್ದು ಒಂದೇ ಊಹೆ: 1ರಲ್ಲಿ ಇಳಿಜಾರು ಎಂಬುದೊಂದು ಇದೆ ಎಂಬುದು. ಆಧಾರ ಯಾವುದೆಂದು ನಾವಿನ್ನೂ ಹೇಳಿಯೇ ಇಲ್ಲ. ಆಧಾರ 10 ಇಟ್ಟುಕೊಂಡರೆ 1ರಲ್ಲಿನ ಇಳಿಜಾರು 0.4343, 3 ಇಟ್ಟುಕೊಂಡರೆ 0.9102, 2 ಇಟ್ಟುಕೊಂಡರೆ 1.4427. ಎರಡಕ್ಕೂ ಮೂರಕ್ಕೂ ನಡುವೆ ಎಲ್ಲೋ ಒಂದು ಆಧಾರಕ್ಕೆ ಈ ಇಳಿಜಾರು ಸರಿಯಾಗಿ 1 ಆಗಲೇಬೇಕು. ಆ ಆಧಾರವೇ 2.718... ಎಂದು ಸಾಗುವ ‘ಇ’. ಅದಕ್ಕೆ ‘ನೈಸರ್ಗಿಕ’ ಎಂಬ ಬಿರುದು ಸಿಕ್ಕಿದ್ದು ಇಷ್ಟಕ್ಕೇ: ಸೂತ್ರದ ತಲೆಯ ಮೇಲೆ ಕೂರುವ ಸ್ಥಿರಾಂಕವನ್ನು ಅದು ಇಳಿಸುತ್ತದೆ.

ಗುಣಲಬ್ಧದಿಂದ ಮೊತ್ತಕ್ಕೆ ಹೋಗುವ ಈ ಗುಣ ಲಾಗ್ ಟೇಬಲ್‌ಗಿಂತ ಹಳೆಯದು. ವೀರಸೇನಾಚಾರ್ಯರು ಒಂಬತ್ತನೇ ಶತಮಾನದಲ್ಲಿ ಷಟ್ಖಂಡಾಗಮ ಎಂಬ ಜೈನ ಗ್ರಂಥಕ್ಕೆ ಬರೆದ ಧವಲಾ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಕಲ್ಪನೆ ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ ಅದು: 8ಕ್ಕೆ 3, 4ಕ್ಕೆ 2, ಅವುಗಳ ಗುಣಲಬ್ಧ 32ಕ್ಕೆ 5. ಗುಣಲಬ್ಧದ ಅರ್ಧಚ್ಛೇದ ಬಿಡಿ ಅರ್ಧಚ್ಛೇದಗಳ ಮೊತ್ತ ಎಂಬ ನಿಯಮ ಅಲ್ಲಿದೆ. ಮೂರರಿಂದ ಭಾಗಿಸುವ ತ್ರಿಕಚ್ಛೇದವೂ ಇದೆ. ಈ ಗ್ರಂಥದ ತಾಳೆಗರಿಗಳು ಕನ್ನಡ ಲಿಪಿಯಲ್ಲಿ ಉಳಿದುಬಂದದ್ದು ನಮ್ಮ ಮೂಡಬಿದಿರೆಯ ಬಸದಿಯಲ್ಲಿ. ಹಾಗೆಂದು ಲಾಗರಿದಮ್ ನಮ್ಮಲ್ಲೇ ಹುಟ್ಟಿತು ಎಂದು ಎದೆ ತಟ್ಟಿಕೊಳ್ಳುವುದು ಅತಿಯಾಗುತ್ತದೆ. ಅರ್ಧಚ್ಛೇದ 4ರಿಂದ 8ಕ್ಕೆ ಹಾರುತ್ತದೆ. ನಡುವಿನ 5, 6, 7ರಲ್ಲಿ ಅದು ಹೇಗೆ ಏರುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದಿಲ್ಲ. ಇಳಿಜಾರಿನ ಮಾತು ಬರಬೇಕಾದರೆ ಆ ನಡುವಿನ ಜಾಗ ತುಂಬಬೇಕು.

ತುಂಬಿದವನು ಎಡಿನ್‌ಬರೋ ಬಳಿಯ ಮರ್ಚಿಸ್ಟನ್‌ನ ಜಮೀನ್ದಾರ ಜಾನ್ ನೇಪಿಯರ್. 1614ರಲ್ಲಿ ಅವನ ಪುಸ್ತಕ ಹೊರಬಂದಾಗ ನ್ಯೂಟನ್, ಲೈಬ್‌ನಿಟ್ಸ್ ಇಬ್ಬರೂ ಹುಟ್ಟಿರಲಿಲ್ಲ. ಹಾಗಿದ್ದೂ ನೇಪಿಯರ್ ಲಾಗ್ ಎಂದರೇನೆಂದು ಹೇಳಿದ್ದೇ ವೇಗದ ಭಾಷೆಯಲ್ಲಿ. ಎರಡು ಬಿಂದುಗಳು ಒಟ್ಟಿಗೆ ಹೊರಡುತ್ತವೆ. ಒಂದು ಅಂತ್ಯವಿಲ್ಲದ ರೇಖೆಯ ಮೇಲೆ ಒಂದೇ ವೇಗದಲ್ಲಿ ಸಾಗುತ್ತದೆ. ಇನ್ನೊಂದು, ಒಂದು ಕೋಟಿ ಅಳತೆಯ ರೇಖಾಖಂಡದ ಮೇಲೆ ಅದೇ ವೇಗದಲ್ಲಿ ಹೊರಟು, ಮುಂದೆ ಎಷ್ಟು ದೂರ ಉಳಿದಿದೆಯೋ ಅದಕ್ಕೆ ತಕ್ಕಂತೆ ವೇಗ ಇಳಿಸಿಕೊಳ್ಳುತ್ತ ಹೋಗುತ್ತದೆ. ಉಳಿದ ದೂರವನ್ನು ಸಂಖ್ಯೆ ಎನ್ನಿ. ಮೊದಲ ಬಿಂದು ಅಷ್ಟರೊಳಗೆ ಸಾಗಿದ ದೂರ ಅದರ ಲಾಗ್. ಇಂದಿನ ಮಾತಿನಲ್ಲಿ ಹೇಳುವುದಾದರೆ, ಸಂಖ್ಯೆ ಬದಲಾಗುವ ವೇಗ ಸಂಖ್ಯೆಯಷ್ಟೇ ದೊಡ್ಡದು, ಲಾಗ್ ಬದಲಾಗುವ ವೇಗ ಸ್ಥಿರ. ಲಾಗ್‌ನ ವೇಗವನ್ನು ಸಂಖ್ಯೆಯ ವೇಗದಿಂದ ಭಾಗಿಸಿದರೆ, ಮುಂದಿನ ಸ್ಥಿರಾಂಕ ಬಿಟ್ಟು, ಒನ್ ಬೈ ಎಕ್ಸ್. ಸಂಖ್ಯೆ ಇಳಿದಂತೆ ನೇಪಿಯರನ ಲಾಗ್ ಏರುತ್ತಿತ್ತು, ಆದ್ದರಿಂದ ಚಿಹ್ನೆ ತಿರುವುಮುರುವು. ಅದು ಬಿಟ್ಟರೆ ನಾವು ಇಂದು ಕೊನೆಯಲ್ಲಿ ಸಾಧಿಸುವ ಫಲಿತಾಂಶ ಅವನಲ್ಲಿ ಮೊದಲ ಸಾಲಿನ ವ್ಯಾಖ್ಯೆಯಾಗಿತ್ತು.

ಅವನ ಲಾಗ್‌ನಲ್ಲಿ ಒಂದು ತೊಡಕಿತ್ತು. 1ರ ಲಾಗ್ ಸೊನ್ನೆಯಾಗುವ ಬದಲು ಒಂದು ಕೋಟಿಯ ಲಾಗ್ ಸೊನ್ನೆಯಾಗುತ್ತಿತ್ತು, ಗುಣಾಕಾರದ ನಿಯಮ ನೇರವಾಗಿ ಕೂಡಿಬರುತ್ತಿರಲಿಲ್ಲ. ಲಂಡನ್ನಿನ ಗಣಿತ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ 1615ರಲ್ಲಿ ನೇಪಿಯರನನ್ನು ಕಾಣಲು ಸ್ಕಾಟ್‌ಲೆಂಡಿಗೆ ಹೋದ. 10ನ್ನು ಆಧಾರವಾಗಿಟ್ಟುಕೊಳ್ಳುವುದೆಂದು ಅಲ್ಲಿಂದಾಚೆಗೆ ನಿಶ್ಚಯವಾಯಿತು. 1624ರಲ್ಲಿ ಬ್ರಿಗ್ಸ್ ಹದಿನಾಲ್ಕು ದಶಮಾಂಶ ಸ್ಥಾನಗಳ ಟೇಬಲ್ ಹೊರತಂದ. ಅವನು ಖಾಲಿ ಬಿಟ್ಟಿದ್ದ ನಡುಭಾಗವನ್ನು 1628ರಲ್ಲಿ ಹಾಲೆಂಡಿನ ಆಡ್ರಿಯಾನ್ ವ್ಲಾಕ್ ತುಂಬಿದ. ಲೆಕ್ಕ ಸುಲಭವಾಯಿತು, ಆದರೆ ವೇಗದ ಆ ವ್ಯಾಖ್ಯೆ ಹಿನ್ನೆಲೆಗೆ ಸರಿಯಿತು. ಲಾಗ್ ಎಂದರೆ ಟೇಬಲ್ ಎಂಬ ಭಾವನೆ ಬೇರೂರಿದ್ದು ಆಗ.

ಈಗ ನಮ್ಮ ತರಗತಿಗೆ ಬರೋಣ. ನಮ್ಮ ಪಿಯುಸಿಯಲ್ಲೂ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿ ಪುಸ್ತಕದಲ್ಲಿ ‘ನಿರಂತರತೆ ಮತ್ತು ಅವಕಲನೀಯತೆ’ ಐದನೇ ಅಧ್ಯಾಯ. ಅಲ್ಲಿ ಘಾತ ಫಂಕ್ಷನ್ನುಗಳ ನಕ್ಷೆ ತೋರಿಸಿ, ‘ಇ’ ಎಂಬ ಸಂಖ್ಯೆಯನ್ನು ಹಿಂದಿನ ವರ್ಷದ ಅನುಬಂಧದ ಅನಂತ ಶ್ರೇಢಿಯ ಮೊತ್ತವೆಂದು ನೆನಪಿಸಿ, ಲಾಗ್ ಎಂದರೆ ಘಾತದ ವಿಲೋಮ ಎನ್ನಲಾಗುತ್ತದೆ. ಆಮೇಲೆ ‘ಇ’ ಪವರ್ ಎಕ್ಸ್‌ನ ಡೆರಿವೇಟಿವ್ ಅದೇ, ಲಾಗ್ ಎಕ್ಸ್‌ನದ್ದು 1/ಎಕ್ಸ್ ಎಂದು ಪ್ರಮೇಯ ಹೇಳಿ ಉದಾಹರಣೆಗಳಿಗೆ ಹೊರಟುಬಿಡುತ್ತದೆ. ಪುಟದ ಅಭಾವ ಅರ್ಥವಾಗುವಂಥದ್ದೇ. ಆದರೆ ಶ್ರೇಢಿಯ ಮೊತ್ತವಾಗಿ ಪರಿಚಯವಾದ ಸಂಖ್ಯೆ ಇಳಿಜಾರಿನ ಲೆಕ್ಕದಲ್ಲಿ ಏಕೆ ತಲೆಹಾಕುತ್ತದೆ ಎಂಬುದು ಹುಡುಗನಿಗೆ ಹೊಳೆಯುವುದು ಹೇಗೆ?

ಮೇಷ್ಟ್ರು ಸಾಧಿಸಿ ತೋರಿಸುವ ಮನಸ್ಸು ಮಾಡಿದರೆ ಅವರಿಗೆ ಎರಡು ದಾರಿ ಇದೆ. ಮೊದಲನೆಯದು ಮೂಲತತ್ತ್ವದಿಂದ, ಅಂದರೆ ‘ಫಸ್ಟ್ ಪ್ರಿನ್ಸಿಪಲ್ಸ್’. ಲಾಗ್ (ಎಕ್ಸ್ + ಎಚ್) ಮೈನಸ್ ಲಾಗ್ ಎಕ್ಸ್ ಎಂಬುದನ್ನು ಲಾಗ್ (1 + ಎಚ್/ಎಕ್ಸ್) ಎಂದು ಬರೆದು ಎಚ್‌ನಿಂದ ಭಾಗಿಸಿ, ಹೊರಗೊಂದು 1/ಎಕ್ಸ್ ತೆಗೆದಿಟ್ಟರೆ, ಒಳಗೆ ಉಳಿಯುವುದು ಲಾಗ್ (1 + ಕೆ)ಯನ್ನು ಕೆಯಿಂದ ಭಾಗಿಸಿದ್ದರ ಮಿತಿ. ಅದು 1 ಎಂದು ಪ್ರಥಮ ಪಿಯುಸಿಯಲ್ಲೇ ಒಪ್ಪಿಕೊಂಡಿದ್ದೇವೆ ಎಂದು ಮುಗಿಸುತ್ತಾರೆ. ಗಮನಿಸಿ: 1/ಎಕ್ಸ್ ಮೊದಲ ಹೆಜ್ಜೆಯಲ್ಲೇ, ಗುಣಾಕಾರದ ನಿಯಮದಿಂದಲೇ ಹೊರಗೆ ಬಂದಿತ್ತು. ಉಳಿದ ಮಿತಿಯ ಗುದ್ದಾಟವೆಲ್ಲ 1ರಲ್ಲಿನ ಇಳಿಜಾರು 1 ಎಂದು ತೋರಿಸಲು. ಬೋರ್ಡಿನ ಮೇಲೆ ಇವೆರಡನ್ನೂ ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದರೂ ಅರ್ಧ ಕೆಲಸ ಆಗಿಹೋಗುತ್ತದೆ.

ಎರಡನೆಯದು ವಿಲೋಮದ ದಾರಿ. ವೈ ಎಂದರೆ ಲಾಗ್ ಎಕ್ಸ್ ಆದರೆ ‘ಇ’ ಪವರ್ ವೈ ಎಂದರೆ ಎಕ್ಸ್. ಎರಡೂ ಕಡೆ ಅವಕಲಿಸಿ, ಸರಪಳಿ ನಿಯಮ ಹಾಕಿ, ಎರಡೇ ಸಾಲಿನಲ್ಲಿ ಉತ್ತರ. ಪರೀಕ್ಷೆಯ ದೃಷ್ಟಿಯಿಂದ ಇದಕ್ಕಿಂತ ಚೊಕ್ಕದ್ದಿಲ್ಲ. ಇದನ್ನೇ ಚಿತ್ರವಾಗಿ ನೋಡಿದರೆ ಇನ್ನೂ ಚೆಂದ: ‘ಇ’ ಪವರ್ ಎಕ್ಸ್‌ನ ವಕ್ರರೇಖೆಯಲ್ಲಿ ಯಾವ ಬಿಂದುವಿನ ಎತ್ತರ ಎಷ್ಟೋ ಅಲ್ಲಿನ ಇಳಿಜಾರೂ ಅಷ್ಟೇ. ವೈ = ಎಕ್ಸ್ ಗೆರೆಯ ಮೇಲೆ ಅದನ್ನು ಮಗುಚಿದರೆ ಎತ್ತರವಿದ್ದದ್ದು ಅಡ್ಡಳತೆಯಾಗುತ್ತದೆ, ಇಳಿಜಾರು ತಲೆಕೆಳಗಾಗುತ್ತದೆ. ಎತ್ತರ 5 ಇದ್ದಲ್ಲಿ ಇಳಿಜಾರು 5. ಮಗುಚಿದ ಮೇಲೆ 5ರಲ್ಲಿ ಐದನೇ ಒಂದು. ಬೀಜಗಣಿತ ಬೇಡವೇ ಬೇಡ.

ಈ ದಾರಿಗೂ ಸಾಲ ಇದೆ. ಎರಡೂ ಕಡೆ ಅವಕಲಿಸುವಾಗ ವೈಗೆ ಡೆರಿವೇಟಿವ್ ಇದೆ ಎಂದು ಸದ್ದಿಲ್ಲದೆ ಒಪ್ಪಿಕೊಂಡಿರುತ್ತೇವೆ. ಅದಕ್ಕಿಂತ ದೊಡ್ಡದು, ‘ಇ’ ಪವರ್ ಎಕ್ಸ್‌ನ ಡೆರಿವೇಟಿವ್ ಅದೇ ಎಂಬುದಕ್ಕೆ ಸಾಬೀತು ಎಲ್ಲಿ? ಕೆಲವು ಗೈಡುಗಳಲ್ಲಿ ಅದನ್ನು ಸಾಧಿಸುವುದು ಲಾಗ್‌ನ ಮಿತಿಯಿಂದ, ಲಾಗ್‌ನ ಮಿತಿ ಸಾಧಿಸುವುದು ಘಾತದಿಂದ. ಒಬ್ಬರ ಜಾಮೀನಿಗೆ ಇನ್ನೊಬ್ಬರು ನಿಂತಂತೆ. ಓದುಗ ಜಾಣನಾದರೆ ಸುತ್ತು ತಿರುಗಿ ಹೊರಟಲ್ಲಿಗೇ ಬಂದೆ ಎಂದು ಕಂಡುಕೊಳ್ಳುತ್ತಾನೆ, ಹೆಚ್ಚಿನವರಿಗೆ ಕಾಣುವುದಿಲ್ಲ.

ಈ ಸುತ್ತನ್ನು ಪೂರ್ತಿ ಕಡಿದು ಹಾಕುವುದು ಮೂರನೆಯ ದಾರಿ, ಅದು ಕ್ಷೇತ್ರಫಲದ್ದು. ಫ್ಲಾಂಡರ್ಸ್‌ನ ಜೆಸ್ಯೂಟ್ ಪಾದ್ರಿ ಗ್ರೆಗರಿ ಡಿ ಸೇಂಟ್ ವಿನ್ಸೆಂಟ್ 1647ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಅತಿಪರವಲಯದ ಕೆಳಗಿನ ಜಾಗದ ಲೆಕ್ಕವಿತ್ತು. 1/ಎಕ್ಸ್ ವಕ್ರರೇಖೆಯ ಕೆಳಗೆ 1ರಿಂದ 2ರವರೆಗಿನ ಕ್ಷೇತ್ರಫಲವೂ 2ರಿಂದ 4ರವರೆಗಿನದ್ದೂ 4ರಿಂದ 8ರವರೆಗಿನದ್ದೂ ಒಂದೇ: ಅಗಲ ಇಮ್ಮಡಿಯಾದಾಗಲೆಲ್ಲ ಎತ್ತರ ಅರ್ಧವಾಗುತ್ತದೆ. ಗಡಿಗಳು ಗುಣಿಸುತ್ತ ಹೋದರೆ ಕ್ಷೇತ್ರಫಲ ಕೂಡುತ್ತ ಹೋಗುತ್ತದೆ. ಇದು ಲಾಗ್‌ನದೇ ಗುಣ ಎಂದು 1649ರಲ್ಲಿ ಬಾಯಿಬಿಟ್ಟು ಹೇಳಿದವನು ಅವನ ಶಿಷ್ಯವರ್ಗದ ಅಲ್ಫಾನ್ಸೊ ಡಿ ಸರಾಸಾ. 1668ರಲ್ಲಿ ನಿಕೊಲಸ್ ಮರ್ಕೇಟರ್, 1/(1 + ಎಕ್ಸ್) ಅನ್ನು ಉದ್ದ ಭಾಗಾಕಾರದಿಂದ ಶ್ರೇಢಿಯಾಗಿ ಬಿಡಿಸಿ, ಪದಪದಕ್ಕೂ ಕ್ಷೇತ್ರಫಲ ತೆಗೆದು, ಲಾಗ್ (1 + ಎಕ್ಸ್)ನ ಶ್ರೇಢಿ ಕೊಟ್ಟ. ಹಾಗೆ ನೋಡಿದರೆ ಒನ್ ಬೈ ಎಕ್ಸ್ ಮತ್ತು ಲಾಗ್‌ನ ನಂಟು ಇತಿಹಾಸದಲ್ಲಿ ಗಟ್ಟಿಯಾದದ್ದು ಅನುಕಲನದ ಬದಿಯಿಂದ. ಘಾತದ ವಿಲೋಮವಾಗಿ ಲಾಗ್ ಅನ್ನು ಪಠ್ಯಕ್ರಮದ ನಡುಮನೆಗೆ ತಂದದ್ದು ಆಯ್ಲರ್, 1748ರ ತನ್ನ ಪ್ರಸಿದ್ಧ ಗ್ರಂಥದಲ್ಲಿ. ನಾವು ಪಿಯುಸಿಯಲ್ಲಿ ಇಂದಿಗೂ ನಡೆಯುತ್ತಿರುವುದು ಅವನು ಹಾಕಿಕೊಟ್ಟ ಹಾದಿಯಲ್ಲೇ.

ಆ ಹಾದಿಗೆ ಎದುರಾಡಿದವರೂ ಸಾಮಾನ್ಯರಲ್ಲ. ಗಟಿಂಗನ್‌ನ ಫೆಲಿಕ್ಸ್ ಕ್ಲೈನ್ ಶಾಲಾ ಶಿಕ್ಷಕರಿಗಾಗಿ ಮಾಡಿದ ಉಪನ್ಯಾಸಗಳು 1908ರಲ್ಲಿ ಪುಸ್ತಕವಾದವು. ಶಾಲೆಯಲ್ಲಿ ಲಾಗ್ ಅನ್ನು ಅತಿಪರವಲಯದ ಕ್ಷೇತ್ರಫಲವಾಗಿಯೇ ತರಬೇಕು, ಘಾತದಿಂದ ಹೊರಟರೆ ಅಪರಿಮೇಯ ಘಾತ ಎಂದರೇನು ಎಂಬಲ್ಲೇ ಎಡವುತ್ತೇವೆ ಎಂಬ ಧಾಟಿ ಅವನದು. 2ರ ಪವರ್ ರೂಟ್ 2 ಎಂದರೆ ಏನು ಎಂದು ನಮ್ಮಲ್ಲಿ ಯಾರನ್ನಾದರೂ ಕೇಳಿನೋಡಿ, ಕ್ಲೈನ್ ಏಕೆ ಹಾಗೆ ಹೇಳಿದ ಎಂದು ತಿಳಿಯುತ್ತದೆ. ಕೇಂಬ್ರಿಜ್‌ನ ಹಾರ್ಡಿಯ ಶುದ್ಧ ಗಣಿತದ ಪಠ್ಯವೂ ಅದೇ ವರ್ಷದ್ದು; ಅದರಲ್ಲೂ ಲಾಗ್ ಎಂದರೆ 1ರಿಂದ ಎಕ್ಸ್‌ವರೆಗಿನ 1/ಟಿಯ ಅನುಕಲನ. ಹೀಗೆ ವ್ಯಾಖ್ಯಾನಿಸಿದರೆ ಡೆರಿವೇಟಿವ್ 1/ಎಕ್ಸ್ ಎಂಬುದು ಕಲನದ ಮೂಲ ಪ್ರಮೇಯದಿಂದ ಒಂದೇ ಏಟಿಗೆ ಬರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಈ ಜಗಳ ಪುಸ್ತಕದ ಮಾರುಕಟ್ಟೆಗೇ ಇಳಿದಿದೆ: ಜೇಮ್ಸ್ ಸ್ಟೂವರ್ಟ್‌ರ ಹೆಸರಾಂತ ಕ್ಯಾಲ್ಕುಲಸ್ ಪುಸ್ತಕ, ಲಾಗ್ ಮತ್ತು ಘಾತ ಮೊದಲೇ ಬರುವ ಆವೃತ್ತಿ ಒಂದು, ಅನುಕಲನದ ನಂತರ ಬರುವ ಆವೃತ್ತಿ ಇನ್ನೊಂದು ಎಂದು ಎರಡು ರೂಪದಲ್ಲಿ ಮಾರಾಟವಾಗುತ್ತದೆ.

ತರ್ಕದ ಕಟ್ಟುನಿಟ್ಟಿನಲ್ಲಿ ಕ್ಲೈನ್ ಗೆಲ್ಲುತ್ತಾನೆ, ಅನುಮಾನವಿಲ್ಲ. ಆದರೂ ನಮ್ಮ ಪಿಯುಸಿಗೆ ಆ ಕ್ರಮ ಒಗ್ಗಲಿಕ್ಕಿಲ್ಲ ಎಂದೇ ನನ್ನ ಎಣಿಕೆ. ಅನುಕಲನ ಏಳನೇ ಅಧ್ಯಾಯದಲ್ಲಿ, ಲಾಗ್ ಐದರಲ್ಲಿ. ಅಷ್ಟರಲ್ಲೇ ಭೌತಶಾಸ್ತ್ರ, ರಸಾಯನಶಾಸ್ತ್ರದವರಿಗೆ ಲಾಗ್ ಬೇಕಾಗಿಬಿಟ್ಟಿರುತ್ತದೆ. ಮೇಲಾಗಿ, ಹತ್ತನ್ನು ಎಷ್ಟಕ್ಕೆ ಏರಿಸಿದರೆ ನೂರಾಗುತ್ತದೆ ಎಂದು ಕಲಿತ ಹುಡುಗಿಗೆ ಒಂದು ದಿನ ಇದ್ದಕ್ಕಿದ್ದಂತೆ ಲಾಗ್ ಎಂದರೆ ಕ್ಷೇತ್ರಫಲ ಎಂದರೆ ಅವಳು ನಂಬಬೇಕಾದರೂ ಏಕೆ? ಅದಕ್ಕೇ ಟೇಬಲ್ ತೆರೆದು 22, 10, 5 ಎಂದು ಎಣಿಸಿ, 1.01ರ ಗುಣಾಕಾರದ ಮಾತು ಹೇಳಿ, ಆಮೇಲೆ ವಿಲೋಮದ ಎರಡು ಸಾಲು ಬರೆಯುವುದು ಲೇಸು. ಕಾಲು ಗಂಟೆಯ ಕೆಲಸ. ಕ್ಷೇತ್ರಫಲವನ್ನು ಅನುಕಲನದ ಅಧ್ಯಾಯದಲ್ಲಿ ಮತ್ತೆ ಕಾಣಿಸಿದರಾಯಿತು.

ಹಾಗೆ ಕಲಿತವರು ಒಂದು ತಪ್ಪನ್ನಂತೂ ಮಾಡುವುದಿಲ್ಲ. ಲಾಗ್ 5ಎಕ್ಸ್‌ನ ಡೆರಿವೇಟಿವ್ ಕೇಳಿದರೆ ತರಗತಿಯಲ್ಲಿ ಧಾರಾಳವಾಗಿ ಬರುವ ಉತ್ತರ 1/5ಎಕ್ಸ್. ಸರಪಳಿ ನಿಯಮ ಮರೆತದ್ದು ಎಂದು ತಿದ್ದುತ್ತೇವೆ. 5ರಿಂದ ಗುಣಿಸು, 1/ಎಕ್ಸ್ ಎನ್ನುತ್ತೇವೆ. ಅಲ್ಲಿಗೆ ಉತ್ತರ ಸರಿಯಾಯಿತು, ಆದರೆ ಲಾಗ್ ಎಕ್ಸ್‌ಗೂ ಲಾಗ್ 5ಎಕ್ಸ್‌ಗೂ ಒಂದೇ ಇಳಿಜಾರು ಹೇಗೆ ಎಂಬ ಸೋಜಿಗ ಉಳಿಯಿತು. ಲಾಗ್ 5ಎಕ್ಸ್ ಎಂದರೆ ಲಾಗ್ ಎಕ್ಸ್‌ಗೆ ಲಾಗ್ 5 ಎಂಬ ಸ್ಥಿರಾಂಕ ಕೂಡಿದ್ದು. ನಕ್ಷೆ ಇಡಿಯಾಗಿ ಮೇಲೆ ಸರಿಯಿತೇ ಹೊರತು ಬಾಗು ಬದಲಾಗಲಿಲ್ಲ. ಲಾಗ್‌ಗೆ ಮಾತ್ರ ಇರುವ ಗುಣ ಇದು.

ಇನ್ನೊಂದು ಗೊಂದಲ ಹುಡುಗರದ್ದಲ್ಲ, ನಾವು ಮಾಡಿಟ್ಟದ್ದು. ಗಣಿತದ ಪಿರಿಯಡ್‌ನಲ್ಲಿ ಲಾಗ್ ಎಂದರೆ ಆಧಾರ ‘ಇ’. ಪುಸ್ತಕವೇ ಹಾಗೆಂದು ಹೇಳಿಬಿಡುತ್ತದೆ. ಮುಂದಿನ ಪಿರಿಯಡ್ ಕೆಮಿಸ್ಟ್ರಿ, ಅಲ್ಲಿ ಲಾಗ್ ಎಂದರೆ ಆಧಾರ 10. ಮೊದಲ ದರ್ಜೆಯ ಕ್ರಿಯೆಯ ಸಮೀಕರಣದಲ್ಲಿ 2.303 ಎಂಬ ಅಂಕಿ ಎಲ್ಲಿಂದ ಉದುರಿತು ಎಂದು ಕೇಳಿದರೆ ‘ಅದು ಫಾರ್ಮುಲಾ’ ಎಂಬ ಉತ್ತರ ಸಿಗುತ್ತದೆ. ಅದು 10ರ ನೈಸರ್ಗಿಕ ಲಾಗ್, 0.4343ರ ವ್ಯುತ್ಕ್ರಮ. ಆಧಾರ 10ರ ಲಾಗ್ ಎಕ್ಸ್ ಅನ್ನು ಅವಕಲಿಸಿದರೆ 0.4343/ಎಕ್ಸ್ ಎಂದು ಗಣಿತದ ಮೇಷ್ಟ್ರು ಒಂದು ಸಲ ಹೇಳಿದ್ದರೆ ಎರಡೂ ಪಿರಿಯಡ್‌ಗೆ ಸೇರಿಸಿ ಸಾಲುತ್ತಿತ್ತು.

ಸೂತ್ರದ ನಿಜವಾದ ಉಪಯೋಗ ಲಾಗ್ ಎಕ್ಸ್‌ನಲ್ಲಿಲ್ಲ, ಲಾಗ್ ವೈಯಲ್ಲಿದೆ. ಲಾಗ್ ವೈಯ ಡೆರಿವೇಟಿವ್ ಎಂದರೆ ವೈಯ ಬದಲಾವಣೆಯನ್ನು ವೈಯಿಂದಲೇ ಭಾಗಿಸಿದ್ದು, ಅಂದರೆ ಶೇಕಡಾವಾರು ಬದಲಾವಣೆಯ ದರ. 2020ರಲ್ಲಿ ಪತ್ರಿಕೆಗಳಲ್ಲಿ ಬಂದ ಕೋವಿಡ್ ನಕ್ಷೆಗಳನ್ನು ಲಾಗ್ ಅಳತೆಯಲ್ಲಿ ಬಿಡಿಸುತ್ತಿದ್ದದ್ದು ಇದಕ್ಕೇ. ಗೆರೆಯ ಇಳಿಜಾರೇ ಸೋಂಕು ಹಬ್ಬುವ ದರ. ಪ್ರಥಮ ಪಿಯುಸಿ ಭೌತಶಾಸ್ತ್ರದ ಲೋಲಕದ ಲೆಕ್ಕದಲ್ಲೂ ಅದೇ ಇದೆ. ಜಿ ಎಂದರೆ 4ಪೈ² × ಎಲ್ / ಟಿ² ಎಂಬುದಕ್ಕೆ ಲಾಗ್ ತೆಗೆದುಕೊಂಡು ಅವಕಲಿಸಿದರೆ ಉದ್ದದ ಸಾಪೇಕ್ಷ ದೋಷ ಒಂದು ಪಾಲು, ಕಾಲದ ಸಾಪೇಕ್ಷ ದೋಷ ಎರಡು ಪಾಲು ಎಂದು ತಾನಾಗಿ ಬರುತ್ತದೆ. ಮೈನಸ್ ಬರಬೇಕಿದ್ದಲ್ಲಿ ಪ್ಲಸ್ ಹಾಕುವುದು ದೋಷಗಳು ಯಾವ ದಿಕ್ಕಿಗಾದರೂ ಇರಬಹುದು ಎಂಬ ಎಚ್ಚರಕ್ಕೆ. ಎರಡು ಪುಸ್ತಕಗಳಲ್ಲಿ ಎರಡು ಹೆಸರಿನಿಂದ ಇರುವುದು ಒಂದೇ ಉಪಾಯ.

ಗಣಿತದ ಪುಸ್ತಕದಲ್ಲಿ ಇದರ ಹೆಸರು ಲಾಗರಿದಮಿಕ್ ಅವಕಲನ. ಯೋಹಾನ್ ಬರ್ನೂಲಿ 1697ರಲ್ಲಿ ಘಾತದಲ್ಲೂ ಚರಾಕ್ಷರ ಇರುವ ಫಂಕ್ಷನ್ನುಗಳ ಕಲನವನ್ನು ಪ್ರಕಟಿಸಿದ. ಎಕ್ಸ್ ಪವರ್ ಎಕ್ಸ್ ಅದರ ಅಚ್ಚುಮೆಚ್ಚಿನ ಉದಾಹರಣೆ, ನಮ್ಮ ಪರೀಕ್ಷೆಯದ್ದೂ ಹೌದು. ಇಲ್ಲಿ ಹುಡುಗರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಘಾತವನ್ನು ಸ್ಥಿರವೆಂದು ತಿಳಿದು ಎಕ್ಸ್ × ಎಕ್ಸ್ ಪವರ್ (ಎಕ್ಸ್ − 1) ಎಂದು ಬರೆಯುತ್ತಾರೆ. ಅದನ್ನು ಸುಲಭಗೊಳಿಸಿದರೆ ಎಕ್ಸ್ ಪವರ್ ಎಕ್ಸ್. ಕೆಲವರು ಆಧಾರವನ್ನು ಸ್ಥಿರವೆಂದು ತಿಳಿದು ಎಕ್ಸ್ ಪವರ್ ಎಕ್ಸ್ × ಲಾಗ್ ಎಕ್ಸ್ ಎನ್ನುತ್ತಾರೆ. ಎರಡನ್ನೂ ಕೂಡಿ: ಎಕ್ಸ್ ಪವರ್ ಎಕ್ಸ್ × (1 + ಲಾಗ್ ಎಕ್ಸ್). ಅದೇ ಸರಿಯುತ್ತರ! ಎರಡು ತಪ್ಪು ಕೂಡಿ ಸರಿಯಾಯಿತು ಎಂದು ನಗಬಹುದು, ಆದರೆ ಇದು ಆಕಸ್ಮಿಕವಲ್ಲ. ಎರಡು ಕಡೆ ಚರಾಕ್ಷರವಿದ್ದರೆ ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ಬಿಡುವುದು, ಆಮೇಲೆ ಅದಲುಬದಲು ಮಾಡುವುದು, ಎರಡನ್ನೂ ಕೂಡುವುದು. ಡಿಗ್ರಿ ತರಗತಿಯಲ್ಲಿ ಬರುವ ನಿಯಮವೇ ಇದು. ಸೊನ್ನೆ ಅಂಕ ಪಡೆದ ಇಬ್ಬರನ್ನು ಅಕ್ಕಪಕ್ಕ ಕೂರಿಸಿದ್ದರೆ ಅವರೇ ಕಂಡುಹಿಡಿಯುತ್ತಿದ್ದರು.

ಕೊನೆಗೆ ಋಣ ಸಂಖ್ಯೆಗಳ ಮಾತು. 1/ಎಕ್ಸ್‌ಗೆ ಸೊನ್ನೆಯ ಎರಡೂ ಕಡೆ ಬೆಲೆಯಿದೆ, ಲಾಗ್ ಎಕ್ಸ್‌ಗೆ ಬಲಗಡೆ ಮಾತ್ರ. ಹಾಗಾದರೆ ಎಡಗಡೆಯ 1/ಎಕ್ಸ್ ಯಾವುದರ ಇಳಿಜಾರು? 1712–13ರಲ್ಲಿ ಲೈಬ್‌ನಿಟ್ಸ್‌ಗೂ ಯೋಹಾನ್ ಬರ್ನೂಲಿಗೂ ಪತ್ರಗಳಲ್ಲಿ ಜಟಾಪಟಿ ನಡೆದದ್ದು ಇದರ ಮೇಲೆಯೇ. ಮೈನಸ್ ಎಕ್ಸ್‌ನ ಲಾಗ್ ಅನ್ನು ಅವಕಲಿಸಿದರೆ ಮೈನಸ್‌ಗೆ ಮೈನಸ್ ಹೋಗಿ 1/ಎಕ್ಸೇ ಬರುತ್ತದೆ, ಆದ್ದರಿಂದ ಮೈನಸ್ ಎಕ್ಸ್‌ನ ಲಾಗ್ ಎಂದರೆ ಎಕ್ಸ್‌ನ ಲಾಗೇ ಎಂದ ಬರ್ನೂಲಿ. ಋಣ ಸಂಖ್ಯೆಗೆ ನಿಜವಾದ ಲಾಗ್ ಇಲ್ಲವೇ ಇಲ್ಲ, ಆ ಅವಕಲನವನ್ನು ಅಲ್ಲಿಗೆ ಎಳೆದೊಯ್ಯುವಂತಿಲ್ಲ ಎಂದ ಲೈಬ್‌ನಿಟ್ಸ್. ಸುಮಾರು ಮೂವತ್ತೈದು ವರ್ಷದ ಮೇಲೆ ಆಯ್ಲರ್ ಬಗೆಹರಿಸಿದ: ಡೆರಿವೇಟಿವ್ ಒಂದೇ ಆದರೆ ಫಂಕ್ಷನ್ ಒಂದೇ ಆಗಬೇಕಿಲ್ಲ, ನಡುವೆ ಸ್ಥಿರಾಂಕದ ಅಂತರ ಇರಬಹುದು, ಇಲ್ಲಿ ಆ ಸ್ಥಿರಾಂಕ ಮೈನಸ್ 1ರ ಲಾಗ್, ಅದು ಕಾಲ್ಪನಿಕ ಸಂಖ್ಯೆ, ಅದಕ್ಕೆ ಬೆಲೆಗಳೂ ಅನಂತ. ನಮ್ಮ ಅನುಕಲನ ಸೂತ್ರದಲ್ಲಿ 1/ಎಕ್ಸ್‌ಗೆ ಲಾಗ್ |ಎಕ್ಸ್| + ಸಿ ಎಂದು ಬರೆಯುವಾಗ ಆ ಎರಡು ಲಂಬ ಗೆರೆಗಳು ಈ ಜಗಳದ ಗುರುತು. ವಾಸ್ತವ ಸಂಖ್ಯೆಗಳಿಗೆ ಸೀಮಿತವಾದರೆ ಬರ್ನೂಲಿಯ ಲೆಕ್ಕ ಕೆಲಸಕ್ಕೆ ಬರುತ್ತದೆ. ಒಂದು ಷರತ್ತು: ಸೊನ್ನೆಯಲ್ಲಿ ನಕ್ಷೆ ಎರಡು ತುಂಡಾಗಿದೆ, ಒಂದೊಂದು ತುಂಡಿಗೆ ಒಂದೊಂದು ಸಿ ಇಟ್ಟರೂ ಇಳಿಜಾರು 1/ಎಕ್ಸೇ.

ಅವಕಲನದ ಅಧ್ಯಾಯದಲ್ಲಿ ಆ ಲಂಬ ಗೆರೆಗಳು ಕಾಣುವುದಿಲ್ಲ, ಆದರೆ ಅವುಗಳ ಅಗತ್ಯ ಅಲ್ಲೇ ಬಂದಿರುತ್ತದೆ. ಲಾಗರಿದಮಿಕ್ ಅವಕಲನದ ಅಭ್ಯಾಸದ ಮೊದಲ ಲೆಕ್ಕ ಕಾಸ್ ಎಕ್ಸ್ × ಕಾಸ್ 2ಎಕ್ಸ್ × ಕಾಸ್ 3ಎಕ್ಸ್. ಕಣ್ಣುಮುಚ್ಚಿ ಲಾಗ್ ತೆಗೆದುಕೊಳ್ಳುತ್ತೇವೆ. ಕಾಸ್ ಋಣವಾಗುವ ಜಾಗಗಳಲ್ಲಿ ಅದಕ್ಕೆ ಲಾಗ್ ಇಲ್ಲ ಎಂದು ಯಾರೂ ತಡೆಯುವುದಿಲ್ಲ. ಲಾಗ್ |ವೈ| ಎಂದು ಮನಸ್ಸಿನಲ್ಲೇ ಓದಿಕೊಂಡರೆ ಅಷ್ಟು ಸರಿಹೋಗುತ್ತದೆ. ಉತ್ತರ: ಮೈನಸ್ ವೈ × (ಟ್ಯಾನ್ ಎಕ್ಸ್ + 2 ಟ್ಯಾನ್ 2ಎಕ್ಸ್ + 3 ಟ್ಯಾನ್ 3ಎಕ್ಸ್). ಈಗ ಎಕ್ಸ್ 45 ಡಿಗ್ರಿ, ಅಂದರೆ ಪೈ/4 ಎಂದಿಟ್ಟು ನೋಡಿ. ಕಾಸ್ 2ಎಕ್ಸ್ ಸೊನ್ನೆ, ಆದ್ದರಿಂದ ವೈ ಸೊನ್ನೆ; ಟ್ಯಾನ್ 2ಎಕ್ಸ್‌ಗೆ ಬೆಲೆಯೇ ಇಲ್ಲ. ಉತ್ತರ ಕೈಕೊಟ್ಟಿತು. ಆದರೆ ಗುಣಲಬ್ಧದ ನಿಯಮದಿಂದ ನೇರವಾಗಿ ಮಾಡಿದರೆ ಅಲ್ಲಿ ಇಳಿಜಾರು ಚೊಕ್ಕವಾಗಿ 1. ಪರಿಹಾರ ಸುಲಭ: ವೈಯನ್ನು ಬ್ರಾಕೆಟ್ಟಿನ ಒಳಗೆ ಗುಣಿಸಿಬಿಡಿ. ಛೇದದಲ್ಲಿದ್ದ ಕಾಸ್‌ಗಳೆಲ್ಲ ರದ್ದಾಗಿ, ಎಲ್ಲ ಬಿಂದುಗಳಲ್ಲೂ ನಿಲ್ಲುವ ಮೂರು ಪದಗಳು ಉಳಿಯುತ್ತವೆ, ಗುಣಲಬ್ಧದ ನಿಯಮ ಕೊಡುವುದೂ ಅವನ್ನೇ. ಆ ಒಂದು ಸಾಲನ್ನು ಮೌಲ್ಯಮಾಪಕರು ಕೇಳುವುದಿಲ್ಲ, ಪುಸ್ತಕದ ಹಿಂದಿನ ಉತ್ತರಪಟ್ಟಿಯಲ್ಲೂ ಅದಿಲ್ಲ.